ಮೂರನೆಯ ಗುಂಡಿ ಮತ್ತು ಹೊರಗಿನ ಬೆಂಚು

ನಿವೃತ್ತನಾಗಿ ಎರಡು ತಿಂಗಳು ತುಂಬುವ ಮೊದಲೇ ನಾನು ನನ್ನದೇ ಹಳೆಯ ಕಚೇರಿಯ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ. ಆ ಬೆಂಚನ್ನು ಮಾಡಿಸಿದವನೂ ನಾನೇ. ಆರು ವರ್ಷ ಅದರ ಪಕ್ಕದಿಂದಲೇ ಒಳಗೆ ಹೋಗಿ ಹೊರಗೆ ಬಂದಿದ್ದೆ. ಅದರ ಒಂದು ಕಾಲು ಗಿಡ್ಡ, ಕುಳಿತವನು ಮೈ ಅಲುಗಿಸಿದಾಗಲೆಲ್ಲ ಟಕ್ಕೆಂದು ಸಪ್ಪಳ ಮಾಡುತ್ತದೆ ಎಂಬುದು ಅವತ್ತು ಮೊದಲ ಸಲ ಗೊತ್ತಾಯಿತು.

ಈಗ ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರುವವರು ಮನೆಗೆ ಬಂದಾಗ, ಎಷ್ಟು ಸೇತುವೆ ಕಟ್ಟಿದಿರಿ, ಎಷ್ಟು ರಸ್ತೆ ಮಾಡಿದಿರಿ ಎಂದು ಕೇಳುತ್ತಾರೆ. ಅದೆಲ್ಲ ಕಡತಗಳಲ್ಲಿ ಸಿಗುತ್ತದೆ. ಸರಕಾರಿ ಕುರ್ಚಿಯಿಂದ ಎದ್ದು ಖಾಸಗಿ ಸಲಹೆಗಾರನ ಟೇಬಲ್ಲಿಗೆ ಹೋಗಿ ಕುಳಿತ ಆ ವರ್ಷ ನಾನು ಏನು ಕಲಿತೆ ಎಂಬುದು ಯಾವ ಕಡತದಲ್ಲೂ ಇಲ್ಲ. ಅದನ್ನೇ ಬರೆಯುತ್ತೇನೆ. ನನ್ನ ತಪ್ಪುಗಳನ್ನೂ ಸೇರಿಸಿಯೇ ಬರೆಯುತ್ತೇನೆ. ಅವನ್ನು ತೆಗೆದರೆ ಕಥೆಯಲ್ಲಿ ಹೇಳುವಂಥದ್ದು ಏನೂ ಉಳಿಯುವುದಿಲ್ಲ.

ನನ್ನ ನೌಕರಿಯ ಬಹುಪಾಲು ಎರೆ ಮಣ್ಣಿನಲ್ಲಿ ಕಳೆಯಿತು. ಕುಂದಗೋಳ, ಗುಡಗೇರಿ, ಅಣ್ಣಿಗೇರಿ, ನಡುವೆ ಎರಡು ವರ್ಷ ಕಲಘಟಗಿ. ಎರೆ ಮಣ್ಣೆಂದರೆ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟು, ಮಳೆ ಬಿದ್ದೊಡನೆ ಉಬ್ಬಿ, ತನ್ನ ಮೇಲೆ ಕಟ್ಟಿದ್ದನ್ನೆಲ್ಲ ಒಮ್ಮೆ ಎತ್ತಿ ನೋಡುವ ಮಣ್ಣು. ಮಳೆಗಾಲದಲ್ಲಿ ಸರ್ವೆಗೆ ಹೋದರೆ ಒಂದೊಂದು ಬೂಟು ಮೂರು ಬೂಟಿನ ತೂಕವಾಗುತ್ತಿತ್ತು. ಆದರೂ ಆ ಕೆಲಸ ನನಗೆ ಎಂದೂ ಬೇಸರ ತರಲಿಲ್ಲ. ಬೆಳಿಗ್ಗೆ ನೆಲದ ಏರಿಳಿತ ಅಳೆಯುವ ಲೆವೆಲ್ ಯಂತ್ರವನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ, ಅದರ ಕಣ್ಣಿನಲ್ಲಿ ದೂರದ ಬನ್ನಿ ಗಿಡ ತಲೆಕೆಳಗಾಗಿ ಕಾಣಿಸಿದೊಡನೆ ನನಗೆ ಶಾಲೆಗೆ ರಜೆ ಸಿಕ್ಕಷ್ಟು ಸಂತೋಷವಾಗುತ್ತಿತ್ತು.

ಆ ಯಂತ್ರ ನೋಡಲು ಕಲಿಸಿದವರು ನನ್ನ ಮೊದಲ ಮೇಲಧಿಕಾರಿ ದೇಸಾಯಿ ಸಾಹೇಬರು. ‘ಮಣ್ಣ ಕಣ್ಣಿಲೆ ನೋಡಬ್ಯಾಡೋ ಅಂಗಡಿ, ಬೆರಳಿಲೆ ನೋಡು’ ಎಂದು ನನ್ನ ಅಡ್ಡಹೆಸರು ಹಿಡಿದು ಕರೆದು, ಹೆಂಟೆ ಪುಡಿ ಮಾಡಿ ನನ್ನ ಅಂಗೈಗೆ ಹಾಕುತ್ತಿದ್ದರು. ಅವರ ಮುಂದೆ ನಾನು ಕೊನೆಯವರೆಗೂ ಕುಳಿತು ಮಾತಾಡಿದವನಲ್ಲ. ನನ್ನ ಮೊದಲ ದೊಡ್ಡ ತಪ್ಪಿಗೆ ಕಾರಣವಾದದ್ದು ಅದೇ ಗೌರವ.

ನಾನು ಕಲಘಟಗಿಯಲ್ಲಿದ್ದಾಗ, ನಿವೃತ್ತರಾಗಿದ್ದ ದೇಸಾಯಿ ಸಾಹೇಬರು ಒಂದು ದಿನ ನನ್ನ ಕಚೇರಿಗೆ ಬಂದರು. ಒಬ್ಬ ಗುತ್ತಿಗೆದಾರನಿಗೆ ಸಲಹೆಗಾರರಾಗಿದ್ದರಂತೆ. ನಾನು ಎದ್ದು ನಿಂತು, ಒತ್ತಾಯ ಮಾಡಿ ಅವರನ್ನು ನನ್ನ ಕುರ್ಚಿಯಲ್ಲೇ ಕೂರಿಸಿದೆ. ಚಹಾ ಕುಡಿದು ಅವರು ಹೇಳಿದರು:

‘ಆ ರಸ್ತಾದ ಖಡಿ ಪಾಸ್ ಮಾಡಿಬಿಡೋ. ನಾ ನೋಡೇನಿ, ಅಗದಿ ಛಲೋ ಐತಿ.’

ಖಡಿಯನ್ನು, ಅಂದರೆ ರಸ್ತೆಗೆ ಹಾಕುವ ಜಲ್ಲಿಯನ್ನು, ಜರಡಿ ಹಿಡಿದು ನೋಡಬೇಕಾದದ್ದು ನನ್ನ ಕೆಲಸ. ಆದರೆ ಅವರು ನೋಡಿದ್ದಾರೆ ಎಂದ ಮೇಲೆ ನಾನು ಮತ್ತೆ ನೋಡುವುದು ಅವರಿಗೆ ಅವಮಾನ ಎಂದುಕೊಂಡೆ. ನಿಂತೇ ಸಹಿ ಹಾಕಿದೆ. ಅವರು ನನಗೆ ಏನನ್ನೂ ಕೊಡಲಿಲ್ಲ, ನಾನು ಏನನ್ನೂ ತೆಗೆದುಕೊಳ್ಳಲಿಲ್ಲ. ಒಂದು ಪೇಡೆಯೂ ಕೈ ಬದಲಾಯಿಸಲಿಲ್ಲ.

ಮೊದಲ ಮಳೆಗಾಲಕ್ಕೇ ಆ ರಸ್ತೆ ಕರಗಿತು. ಆಷಾಢದ ಒಂದು ಮಧ್ಯಾಹ್ನ ನಾನು ಬಂದ ಬಸ್ಸು ಅದೇ ರಸ್ತೆಯಲ್ಲಿ ಅರ್ಧ ಗಾಲಿ ಹೂತು ನಿಂತಿತು. ಎಲ್ಲರೂ ಇಳಿದು ನೂಕಿದೆವು. ನನ್ನ ಪಕ್ಕದಲ್ಲಿ ನಿಂತು ನೂಕುತ್ತಿದ್ದ ಒಬ್ಬ ಹಿರಿಯರು ಏದುಸಿರು ಬಿಡುತ್ತ ಕೇಳಿದರು:

‘ಈ ರಸ್ತಾ ಮಾಡಿಸಿದಾಂವ ಯಾರಿರಬೇಕ್ರಿ? ಅಂವನೂ ಒಮ್ಮೆ ಈ ಬಸ್ಸಿನಾಗ ಬರಬೇಕಿತ್ತ ನೋಡ್ರಿ.’

ನಾನು ಇನ್ನಷ್ಟು ಜೋರಾಗಿ ನೂಕಿದೆ. ಬಸ್ಸು ಮೇಲೆ ಬಂದಾಗ ಅವರು ನನ್ನ ಬೆನ್ನು ತಟ್ಟಿ, ‘ನೀವು ಭಾಳ ಜೋರ್ ಅದೀರಿ’ ಎಂದರು. ಆ ಹೊಗಳಿಕೆಗಿಂತ ಹೆಚ್ಚು ನಾಚಿಕೆ ತಂದ ಹೊಗಳಿಕೆ ನನಗೆ ಮತ್ತೆ ಸಿಗಲಿಲ್ಲ. ಮರು ಬೇಸಿಗೆಯಲ್ಲಿ ಮೇಲಿನವರಿಗೆ ನಿಜ ಬರೆದು, ರಸ್ತೆ ಅಗೆಸಿ, ಜರಡಿ ಹಿಡಿದು ಮತ್ತೆ ಮಾಡಿಸಿದೆ.

ಎರಡನೆಯ ತಪ್ಪು ಅಣ್ಣಿಗೇರಿ ಕಡೆಯದು. ಅದು ಅಷ್ಟು ಬೇಗ ಕಣ್ಣಿಗೆ ಬೀಳಲಿಲ್ಲ.

ಆ ಭಾಗದಲ್ಲಿ ಚಿಕ್ಕಹೊಸೂರು ಎಂಬ ಹಳ್ಳಿ. ಊರಿಗೂ ದೊಡ್ಡ ರಸ್ತೆಗೂ ನಡುವೆ ಒಂದು ಹಳ್ಳ. ಎಲ್ಲೋ ಮೇಲೆ ಮಳೆಯಾದರೆ ಇಲ್ಲಿ ಬಿಸಿಲಿರುವಾಗಲೇ ಎದೆಯುದ್ದ ನೀರು ಬರುತ್ತಿತ್ತು. ಹೆರಿಗೆಗೆ ಹೊರಟವರು, ಪರೀಕ್ಷೆಗೆ ಹೊರಟವರು ಎಲ್ಲರೂ ದಂಡೆಯಲ್ಲಿ ಕುಳಿತು ನೀರು ಇಳಿಯುವುದನ್ನು ಕಾಯಬೇಕು. ಅಲ್ಲಿಗೆ ಸೇತುವೆ ಮಂಜೂರಾಗಿ, ಕಂಬಗಳು ಬರುವ ಜಾಗದಲ್ಲಿ ನೆಲದ ಗಟ್ಟಿತನ ನೋಡಲು ಪರೀಕ್ಷೆಯ ಗುಂಡಿಗಳನ್ನು ಅಗೆಸುವ ಕೆಲಸ ನನ್ನ ಪಾಲಿಗೆ ಬಂತು. ಆಗ ನಾನು ಉಪವಿಭಾಗದ ಮುಖ್ಯಸ್ಥ. ಟೇಪು ಹಿಡಿಯಲು ಜೊತೆಗಿದ್ದವರು ನನ್ನ ಕೈಕೆಳಗಿನ ಕಿರಿಯ ಎಂಜಿನಿಯರ್ ಯಮನಪ್ಪ ಚಲವಾದಿ. ಅವರ ತಂದೆ ನಮ್ಮ ಇಲಾಖೆಯ ರಸ್ತೆ ಗ್ಯಾಂಗಿನಲ್ಲಿ ಮಣ್ಣು ಹೊತ್ತವರು. ಮಗ ಕೆಲಸಕ್ಕೆ ಸೇರಿದ ದಿನ ಗೇಟಿನವರೆಗೆ ಬಂದು, ಮಗ ಒಳಗೆ ಹೋದದ್ದನ್ನು ನೋಡಿ, ಸೈಕಲ್ ತಿರುಗಿಸಿದ್ದರು. ಯಮನಪ್ಪನವರು ಅಳೆದ ಅಳತೆಯನ್ನು ನಾನು ಎಂದೂ ಎರಡನೆಯ ಸಲ ಅಳೆದವನಲ್ಲ.

ಎರಡು ಗುಂಡಿ ಸರಿಯಾಗಿ ಆದವು. ಮೂರನೆಯದು ಗಂಗವ್ವ ಎಂಬ ರೈತ ಹೆಂಗಸಿನ ಹೊಲದಲ್ಲಿ ಬಂತು. ಕಡಲೆ ಕಾಯಿ ಕಟ್ಟಿ ನಿಂತಿತ್ತು. ಗಂಗವ್ವ ನಮ್ಮ ಗುದ್ದಲಿಗಳ ಮುಂದೆ ಬಂದು ನಿಂತಳು.

‘ಸಾಹೇಬ್ರ, ಕಾಯಿ ತುಂಬ್ಯಾವ್ರಿ. ಎರಡು ವಾರ ಬಿಟ್ಟು ಬರ್ರಿ, ನಾನ ಗುದ್ದಲಿ ಹಿಡಿದು ಅಗೀತೇನಿ.’

ಎರಡು ವಾರ ಕಾಯಲು ನನಗೆ ವ್ಯವಧಾನವಿರಲಿಲ್ಲ. ವರದಿ ಮೇಲಕ್ಕೆ ಹೋಗಬೇಕಿತ್ತು. ಅಷ್ಟರಲ್ಲಿ ಅವಳು ಒಂದು ಹೊರೆ ಕಡಲೆ ಗಿಡ ಕಿತ್ತು, ಒಣ ಹುಲ್ಲಿನ ಉರಿಯಲ್ಲಿ ಸುಟ್ಟು, ಬಿಸಿ ಬಿಸಿ ಸುಲಗಾಯಿಯನ್ನು ನಮ್ಮ ಮುಂದೆ ಸುರಿದಳು. ನಾನು, ಯಮನಪ್ಪ, ಆಳುಗಳು ಎಲ್ಲರೂ ಬದುವಿನ ಮೇಲೆ ಕುಳಿತು ತುಟಿ ಕಪ್ಪಾಗುವವರೆಗೆ ತಿಂದೆವು. ತಿಂದ ಮೇಲೆ ಆ ಬೆಳೆಯ ನಡುವೆ ಗುಂಡಿ ತೋಡಿಸಲು ಬಾಯಿ ಬರಲಿಲ್ಲ. ಮೂವತ್ತು ಹೆಜ್ಜೆ ಆಚೆ, ಬೀಳು ನೆಲದಲ್ಲಿ ಅಗೆಸಿದೆ. ಎರಡಾಳು ಆಳಕ್ಕೆ ಒಳ್ಳೆಯ ಗಟ್ಟಿ ಗರಸು, ಕಂಬ ಹೊರುವಂಥ ಜಲ್ಲಿ ಮಣ್ಣು, ಸಿಕ್ಕಿತು. ಜಾಗ ಬದಲಾದದ್ದನ್ನು ನನ್ನ ಜೇಬಿನ ಪುಸ್ತಕದಲ್ಲಿ ಬರೆದುಕೊಂಡು, ‘ನಕಾಶ್ಯಾಗ ತಿದ್ದೂಣು’ ಎಂದು ಯಮನಪ್ಪನವರಿಗೆ ಹೇಳಿದೆ.

ತಿದ್ದಲಿಲ್ಲ. ಯಮನಪ್ಪನವರಿಗೆ ಅದೇ ತಿಂಗಳು ಬೇರೆ ಕಡೆ ವರ್ಗವಾಯಿತು. ನಕ್ಷೆ ಬರೆಯುವವರು ಮೊದಲಿನ ಗುರುತಿನಂತೆಯೇ ಬರೆದರು. ನಾನು ನೋಡದೆ ಸಹಿ ಹಾಕಿದೆ. ಸರಕಾರಿ ನೌಕರಿಯಲ್ಲಿ ನಾನು ತಿಂದ ಒಂದೇ ಲಂಚ ಆ ಸುಲಗಾಯಿ ಎಂದು ಈಗ ನಗುತ್ತ ಹೇಳುತ್ತೇನೆ. ಅವತ್ತು ಅದು ಲಂಚವೆಂದು ಗೊತ್ತೇ ಇರಲಿಲ್ಲ.

ಸೇತುವೆಯ ಕಡತ ವರ್ಷಗಟ್ಟಲೆ ಅಲ್ಲಿ ಇಲ್ಲಿ ಸುತ್ತುತ್ತಿರುವಾಗಲೇ ನಾನು ನಿವೃತ್ತನಾದೆ. ನನ್ನ ಕುರ್ಚಿಗೆ ಬಂದವರು ಯಮನಪ್ಪ ಚಲವಾದಿ. ಬಡ್ತಿ ಪಡೆದು ಅದೇ ಊರಿಗೆ ಮರಳಿದ್ದರು. ಕೀಲಿಕೈ ಗೊಂಚಲು ಅವರ ಕೈಗಿಡುವಾಗ ನನಗಾದ ಸಂತೋಷ, ನನಗೆ ಆ ಕುರ್ಚಿ ಸಿಕ್ಕ ದಿನ ಆಗಿರಲಿಲ್ಲ.

ಆ ವಾರವೇ ಹುಬ್ಬಳ್ಳಿಯಿಂದ ಪ್ರಭಾಕರ ಹೂಲಿ ಎಂಬುವರು ಸ್ಕೂಟರ್ ಹೊಡೆದುಕೊಂಡು ಮನೆಗೆ ಬಂದರು. ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಸಲಹಾ ಕಚೇರಿ. ಕಟ್ಟಡಗಳ ನಕ್ಷೆ, ಸೇತುವೆಗಳ ಲೆಕ್ಕ, ಗುತ್ತಿಗೆದಾರರಿಗೆ ಟೆಂಡರ್ ತಯಾರಿಸಿಕೊಡುವುದು. ವಯಸ್ಸು ನಲವತ್ತರ ಆಸುಪಾಸು, ಕೈಯಲ್ಲಿ ಒಳ್ಳೆಯ ವಿದ್ಯೆ, ಮಾತಿನಲ್ಲಿ ಬಿರುಸು. ‘ಮನ್ಯಾಗ ಕುಂತು ಏನ್ ಮಾಡತೀರಿ ಸಾಹೇಬ್ರ? ನಮ್ಮ ಕಡೆ ಬರ್ರಿ’ ಎಂದರು. ನಾನು ಒಪ್ಪಿದೆ. ಅವರ ಕಚೇರಿಯಲ್ಲಿ ಗುಂಡಿ ಒತ್ತಿದರೆ ಉತ್ತರ ಹೇಳುವ ಜಪಾನಿ ಕ್ಯಾಲ್ಕ್ಯುಲೇಟರ್ ಇತ್ತು. ನಾನು ಮೂವತ್ತು ವರ್ಷ ಸ್ಲೈಡ್ ರೂಲ್ ಎಳೆದು ತಳ್ಳಿ ಲೆಕ್ಕ ಮಾಡಿದವನು. ಮೊದಲ ವಾರ ಆ ಯಂತ್ರ ಸುಳ್ಳು ಹೇಳುತ್ತದೆಯೇ ಎಂದು ಪ್ರತಿ ಲೆಕ್ಕವನ್ನೂ ಸ್ಲೈಡ್ ರೂಲಿನಲ್ಲಿ ಪರೀಕ್ಷಿಸಿದೆ. ಅದು ಹೇಳಲಿಲ್ಲ. ನಾನೇ ಎರಡು ಕಡೆ ತಪ್ಪಿದ್ದೆ.

ಆದರೆ ಹೂಲಿಯವರು ನನ್ನನ್ನು ಕರೆದದ್ದು ಲೆಕ್ಕಕ್ಕಲ್ಲ ಎಂದು ಬೇಗ ತಿಳಿಯಿತು. ನನ್ನ ಹೆಸರಿನ ಕಾರ್ಡು ಮುದ್ರಿಸಿ ತಂದಿದ್ದರು. ಅದರಲ್ಲಿ ನನ್ನ ಹೆಸರು ಸಣ್ಣದು, ನನ್ನ ಹಳೆಯ ಹುದ್ದೆ ದೊಡ್ಡದು. ಮೊದಲ ಕೆಲಸವೂ ಅಂಥದ್ದೇ.

‘ನಿಮ್ಮ ಹಳೇ ಆಫೀಸಿನಾಗ ನಮ್ಮ ಒಂದು ನಕಾಶಿ ಕುಂತೈತಿ. ಎಲ್ಲಿಗೆ ಬಂತು ನೋಡ್ಕೊಂಡು, ಒಂದೀಟು ದೂಡಿ ಬರ್ರಿ.’

ಹೋದೆ. ಬಾಗಿಲಲ್ಲಿದ್ದ ಜವಾನ ಹುಸೇನಸಾಬ ನನ್ನನ್ನು ಕಂಡೊಡನೆ, ಹೊರಗೆ ಕಾಯುತ್ತಿದ್ದ ನಾಲ್ಕು ಜನರನ್ನು ದಾಟಿಸಿ ನೇರ ಒಳಗೆ ಒಯ್ದ. ಯಮನಪ್ಪನವರು ಬರೆಯುತ್ತಿದ್ದ ಕಾಗದ ಬಿಟ್ಟು ಎದ್ದು ನಿಂತರು. ತಮ್ಮ ಕುರ್ಚಿಯನ್ನು ನನ್ನತ್ತ ತಿರುಗಿಸಿ, ‘ಕುಂದರ್ರಿ ಸರ್’ ಎಂದರು.

ಆ ಕ್ಷಣ ನನಗೆ ಕಲಘಟಗಿಯಲ್ಲಿ ಹೂತ ಬಸ್ಸು ನೆನಪಾಯಿತು. ನಾನು ಈಗ ದೇಸಾಯಿ ಸಾಹೇಬರ ಜಾಗದಲ್ಲಿ ನಿಂತಿದ್ದೆ. ಎದ್ದು ನಿಂತ ಮನುಷ್ಯನಿಗೆ ‘ಇಲ್ಲ’ ಎನ್ನುವುದು ಎಷ್ಟು ಕಷ್ಟವೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ನಕ್ಷೆಯ ಸುದ್ದಿ ಎತ್ತದೆ, ‘ಸುಮ್ನ ಬಂದಿದ್ದೆ, ಆರಾಮ ಅದೀರಿಲ್ಲೋ’ ಎಂದು ಕೇಳಿ ಹೊರಗೆ ಬಂದು, ಆ ಗಿಡ್ಡ ಕಾಲಿನ ಬೆಂಚಿನ ಮೇಲೆ ಐದನೆಯವನಾಗಿ ಕುಳಿತೆ.

ಹುಸೇನಸಾಬನಿಗೆ ಸಂಕಟವಾಯಿತು. ‘ಸಾಹೇಬ್ರ, ನೀವು ಇಲ್ಲಿ ಕುಂತ್ರ ನನಗ ನಾಚಿಕಿ ಬರತೈತ್ರಿ. ಒಳಗ ನಡೀರಿ.’

‘ಚೀಟಿ ಕೊಡಪಾ ಹುಸೇನಸಾಬ, ಹೆಸರು ಬರೀತೇನಿ.’

‘ನಿಮಗ ಎಂಥಾ ಚೀಟಿರಿ?’

‘ಎಲ್ಲಾರಿಗೂ ಎಂಥಾದ್ದೋ ಅಂಥಾದ್ದು.’

ಅವನು ಒಲ್ಲದ ಮನಸ್ಸಿನಿಂದ ಚೀಟಿ ತಂದ. ನಾನು ಹೆಸರು ಬರೆದುಕೊಟ್ಟೆ. ಅವನು ಅದನ್ನು ನೋಡಿ, ತಲೆ ಕೆರೆದು, ಮೆಲ್ಲಗೆ ಹೇಳಿದ:

‘ಕೆಲಸ ಏನಂತನೂ ಬರೀಬೇಕ್ರಿ. ನೀವ ಮಾಡಿದ ರೂಲು.’

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಒಂದು ತಾಸು ಕಾದೆ. ನನ್ನ ಸರದಿ ಬಂದಾಗ ಒಳಗೆ ಹೋಗಿ, ನಕ್ಷೆಯಲ್ಲಿ ಏನಾದರೂ ಕೊರತೆ ಇದೆಯೇ ಎಂದಷ್ಟೇ ಕೇಳಿದೆ. ಎರಡು ಕೊರತೆ ಇದ್ದವು. ಅವನ್ನು ಬರೆದುಕೊಂಡು ಬಂದು ಹೂಲಿಯವರ ಮುಂದಿಟ್ಟೆ. ‘ಇದಕ್ಕ ನೀವ ಹೋಗಬೇಕಿತ್ತೇನ್ರಿ? ಯಾರ ಹೋಗಿದ್ರೂ ಇಷ್ಟು ಹೇಳತಿದ್ರು’ ಎಂದು ಅವರು ಮುಖ ಸಪ್ಪೆ ಮಾಡಿದರು. ಅವರ ಮಾತು ನಿಜವೇ ಆಗಿತ್ತು. ನಾನು ಬಯಸಿದ್ದೂ ಅದನ್ನೇ.

ಒಂದು ತಿಂಗಳು ಹೀಗೇ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಹೂಲಿಯವರು ಅಮೋನಿಯಾ ವಾಸನೆ ಇನ್ನೂ ಆರದ ಒಂದು ನೀಲಿ ನಕ್ಷೆಯನ್ನು ನನ್ನ ಟೇಬಲ್ ಮೇಲೆ ಹಾಸಿದರು. ಚಿಕ್ಕಹೊಸೂರಿನ ಸೇತುವೆ.

‘ಟೆಂಡರ್ ಕರದಾರ. ನಮ್ಮ ಗುತ್ತಿಗೆದಾರರು ಹಾಕಾಕ ಹತ್ಯಾರ. ಗುಂಡಿ ಅಗಸಿದವರು ನೀವ. ನೆಲದ ಒಳಗಿಂದು ಏನ ಐತಿ ಹೇಳ್ರಿ, ಉಳಿದವರಿಗಿಂತ ಒಂದು ಹೆಜ್ಜಿ ಮುಂದ ಇರೂಣು.’

ನಕ್ಷೆಯ ಮೇಲೆ ಬೆರಳಾಡಿಸುತ್ತ ಹೋದೆ. ಒಂದು, ಎರಡು, ಮೂರು. ಮೂರನೆಯ ಗುಂಡಿ ಗಂಗವ್ವನ ಕಡಲೆ ಹೊಲದ ನಡುವೆ ಇತ್ತು. ನಾನು ಎಂದೂ ಅಗೆಸದ ಜಾಗದಲ್ಲಿ, ‘ಗಟ್ಟಿ ಗರಸು’ ಎಂದು ಬರೆದು, ಕೆಳಗೆ ನನ್ನದೇ ಸಹಿ.

ಆ ನೆಲದಡಿ ಏನಿದೆಯೋ ಯಾರಿಗೂ ಗೊತ್ತಿರಲಿಲ್ಲ. ಗಟ್ಟಿ ಇದ್ದರೆ ಸರಿ. ಇಲ್ಲದಿದ್ದರೆ ಕೆಲಸ ನಡುನೀರಿನಲ್ಲಿ ನಿಲ್ಲುತ್ತದೆ, ಅಥವಾ ಯಾರೋ ಕಣ್ಣು ಮುಚ್ಚಿ ಮೆತ್ತನೆಯ ನೆಲದ ಮೇಲೆ ಕಂಬ ಎಬ್ಬಿಸುತ್ತಾರೆ. ಹೂಲಿಯವರಿಗೆ ಹೇಳಿದರೆ ಅವರ ಗುತ್ತಿಗೆದಾರನಿಗೊಬ್ಬನಿಗೇ ಲಾಭ. ಸರಕಾರದ ಹೊಲದಲ್ಲಿ ದುಡಿದು ಕಲಿತದ್ದನ್ನು ಒಬ್ಬರ ಕಣಕ್ಕೆ ಸುರಿದಂತೆ. ಹೇಳದಿದ್ದರೆ ಹಳ್ಳಿಗೆ ಮೋಸ.

‘ಇದರ ಬಗ್ಗೆ ನಾಳೆ ಮಾತಾಡತೇನ್ರಿ’ ಎಂದು ಎದ್ದು ಬಂದೆ.

ಸಂಜೆ ಹೆಂಡತಿ ಗಿರಿಜಾ ರೊಟ್ಟಿ ಬಡಿಯುತ್ತಿರುವಾಗ ಪಕ್ಕದಲ್ಲಿ ಕುಳಿತು ಎಲ್ಲ ಹೇಳಿದೆ. ಇತ್ತ ಹೋದರೆ ಹೀಗೆ, ಅತ್ತ ಹೋದರೆ ಹಾಗೆ ಎಂದು ಕಾಲು ತಾಸು ವಿವರಿಸಿದೆ. ಅವಳು ರೊಟ್ಟಿ ಹಂಚಿಗೆ ಹಾಕಿ, ನೀರು ಸವರಿ, ತಿರುಗಿ ನೋಡಿದಳು.

‘ತಪ್ಪು ಮಾಡಿದವರು ನೀವು. ಹೇಳಬೇಕಾದವರೂ ನೀವ. ಇದರಾಗ ವಿಚಾರ ಮಾಡೂದು ಏನೈತಿ? ಬಿಸಿ ಇದ್ದಾಗ ಉಣ್ರಿ.’

ಉಂಡೆ. ಅಷ್ಟು ರುಚಿಯಾಗಿ ಉಂಡು ಬಹಳ ದಿನವಾಗಿತ್ತು.

ಮರುದಿನ ಮೊದಲು ಹೂಲಿಯವರ ಬಳಿಗೇ ಹೋದೆ. ಅವರಿಗೆ ತಿಳಿಯದಂತೆ ಹೋಗುವುದು ಅವರಿಗೂ ಮೋಸ ಎನಿಸಿತು.

‘ಈ ನಕಾಶಿ ಬಗ್ಗೆ ನನಗ ಒಂದು ಸಂಗತಿ ಗೊತ್ತೈತ್ರಿ. ಅದನ್ನ ನಿಮಗೊಬ್ಬರಿಗೇ ಹೇಳಾಕ ಬರೂದಿಲ್ಲ. ಇವತ್ತು ಹೋಗಿ ಇಲಾಖೆಗೆ ಹೇಳತೇನಿ. ಅವರು ಎಲ್ಲಾರಿಗೂ ಹೇಳಿದಾಗ ನಿಮಗೂ ಗೊತ್ತಾಕ್ಕೈತಿ.’

ಹೂಲಿಯವರ ಮುಖ ಕೆಂಪಾಯಿತು. ‘ನನ್ನ ಟೇಬಲ್ಲಿಗೆ ಕುಂತು ನನಗ ಹೇಳೂದಿಲ್ಲ ಅಂತೀರಿ. ಹಂಗಾರ ನಿಮ್ಮನ್ನ ಯಾಕ ಕರಕೊಂಡು ಬಂದೇನಿ ನಾನು?’

‘ಲೆವೆಲ್ ನೋಡಾಕ, ಲೆಕ್ಕ ಮಾಡಾಕ, ನೆಲ ಓದಾಕ. ಅದೆಲ್ಲ ನನ್ನದು, ಮನಸ್ಸಿದ್ದಷ್ಟು ತಗೋರಿ. ಕಡತದಾಗ ಇದ್ದದ್ದು ನನ್ನದಲ್ಲ.’

ರಾಜೀನಾಮೆ ಬರೆದು ತಂದಿದ್ದೆ. ಟೇಬಲ್ ಮೇಲಿಟ್ಟೆ. ಅವರು ಅದನ್ನು ಮುಟ್ಟಲೂ ಇಲ್ಲ, ‘ಹೋಗಬ್ಯಾಡ್ರಿ’ ಎನ್ನಲೂ ಇಲ್ಲ. ಬಸ್ಸು ಹಿಡಿದೆ.

ಅವತ್ತೂ ಚೀಟಿ ಬರೆದು, ಬೆಂಚಿನ ಮೇಲೆ ಕುಳಿತು, ಸರದಿಯಲ್ಲೇ ಒಳಗೆ ಹೋದೆ. ಯಮನಪ್ಪನವರಿಗೆ ಎಲ್ಲ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು. ಕೊನೆಗೆ ಹೇಳಿದರು:

‘ನೀವು ತಿದ್ದಿರತೀರಿ ಅಂತ ನಾ ನಕಾಶಿ ತಗದು ನೋಡಲೇ ಇಲ್ಲರಿ ಸರ್. ಟೆಂಡರ್ ಕರಿಯೂ ಮುಂದ ನೋಡಬೇಕಿತ್ತು. ಆವತ್ತ ಟೇಪು ಹಿಡಿದಾಂವ ನಾನ ಅಲ್ಲೇನು?’

‘ಈಗ ಏನ್ ಮಾಡೂಣು ಹೇಳ್ರಿ.’

‘ಬರದು ಕೊಡ್ರಿ. ಬಾಯಿಲೆ ಹೇಳಿದ್ರ ಗೊತ್ತಿದ್ದವರು ನಾವಿಬ್ಬರ ಆಗತೀವಿ. ಬರದು ಕೊಟ್ರ ಎಲ್ಲಾರಿಗೂ ಗೊತ್ತಾಕ್ಕೈತಿ.’

ಕುಳಿತಲ್ಲಿಂದಲೇ, ಏಳದೆ, ಮೇಲಧಿಕಾರಿಯ ದನಿಯಲ್ಲಿ ಹೇಳಿದರು. ನನಗೆ ಅದೆಷ್ಟು ಹಿತವಾಯಿತೆಂದರೆ, ಮೇಜಿನ ಈ ಬದಿಯಲ್ಲಿ ಕುಳಿತೇ ಅವರಿಗೊಂದು ಸಲಾಮು ಹೊಡೆಯೋಣ ಎನಿಸಿತು.

ಬರೆದೆ. ‘ನಿಂತ ಬೆಳೆಗೆ ಹಾನಿಯಾಗದಿರಲೆಂದು ಸದರಿ ಗುಂಡಿಯನ್ನು ಮೂವತ್ತು ಹೆಜ್ಜೆ ಸರಿಸಲಾಗಿದ್ದು, ನಕ್ಷೆಯಲ್ಲಿ ತಿದ್ದದೆ ಇದ್ದದ್ದು ನನ್ನ ತಪ್ಪು’ ಎಂದು. ಅವರು ಓದಿ ಗಂಭೀರವಾಗಿ ಕೇಳಿದರು:

‘ಸುಲಗಾಯಿ ಸುದ್ದಿ ಬಿಟ್ರೆಲ್ಲಾ ಸರ್?’

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಹೊರಗಿನಿಂದ ಹುಸೇನಸಾಬ ಇಣುಕಿ ನೋಡಿದ. ನಗು ನಿಂತ ಮೇಲೆ ಯಮನಪ್ಪನವರು ನನ್ನ ಅರ್ಜಿಯ ಕೆಳಗೆ ತಮ್ಮ ಕೈಯಿಂದ ಒಂದು ಸಾಲು ಸೇರಿಸಿದರು: ಅಂದು ಸ್ಥಳದಲ್ಲಿ ನಾನೂ ಇದ್ದೆ, ಇದು ನಿಜ. ಹೊಸದಾಗಿ ಹುದ್ದೆಗೆ ಬಂದವರು ಹಾಗೆ ಬರೆಯಲು ಎಷ್ಟು ಧೈರ್ಯ ಬೇಕೆಂದು ನೌಕರಿ ಮಾಡಿದವರಿಗೆ ಗೊತ್ತು.

ಮೇಲಿನವರು ಇಬ್ಬರಿಗೂ ಬಿರುಸಾದ ಪತ್ರ ಬರೆದರು. ಅದು ನ್ಯಾಯವೇ. ಆದರೆ ಟೆಂಡರಿನ ದಿನಾಂಕ ಮುಂದೆ ಹೋಯಿತು, ಮೂರನೆಯ ಗುಂಡಿಯನ್ನು ಸರಿಯಾದ ಜಾಗದಲ್ಲಿ ಎಲ್ಲ ಗುತ್ತಿಗೆದಾರರ ಮುಂದೆ ಅಗೆಯುವುದೆಂದು ನೋಟೀಸು ಹೊರಟಿತು.

ಅಗೆಯುವ ದಿನ ಚಿಕ್ಕಹೊಸೂರಿಗೆ ಊರಿಗೆ ಊರೇ ಬಂದಿತ್ತು. ಆ ವರ್ಷದ ಕಡಲೆ ಕಿತ್ತು ಹೊಲ ಬರಿದಾಗಿತ್ತು. ಐದಾರು ಗುತ್ತಿಗೆದಾರರು ಬಂದಿದ್ದರು. ಹೂಲಿಯವರೂ ಬಂದು ದೂರದಲ್ಲಿ ಸ್ಕೂಟರಿಗೆ ಒರಗಿ ನಿಂತಿದ್ದರು, ನನ್ನತ್ತ ನೋಡಲಿಲ್ಲ. ಒಂದಾಳು ಆಳ ಹೋಯಿತು, ಎರಡಾಳು ಹೋಯಿತು. ಗರಸು ಸಿಗಲಿಲ್ಲ. ಬುಟ್ಟಿಯಲ್ಲಿ ಮೇಲೆ ಬಂದದ್ದು ಹಸಿ ಮರಳು, ಕೆಸರು, ಅದರಲ್ಲಿ ಸಣ್ಣ ಸಣ್ಣ ಬಸವನಹುಳದ ಚಿಪ್ಪು. ಇನ್ನೂ ಅಗೆದಾಗ ನೀರು ಉಕ್ಕಿತು.

ಗುಂಡಿಯ ಅಂಚಿಗೆ ನಿಂತಿದ್ದ ಗಂಗವ್ವ ಸಹಜವಾಗಿ ಹೇಳಿದಳು: ‘ಮೊದಲ ಹಳ್ಳ ಇಲ್ಲೇ ಹರೀತಿತ್ತ ಅಲ್ರಿ. ನಮ್ಮತ್ತಿ ಇಲ್ಲೇ ಅರಿವಿ ಒಗೀತಿದ್ಲಂತ.’

ನಾನು ಅವಳತ್ತ ತಿರುಗಿದೆ. ‘ಆವತ್ತ ಯಾಕ ಹೇಳಲಿಲ್ಲವಾ ತಂಗೀ?’

‘ನೀವೆಲ್ಲಿ ಕೇಳಿದ್ರಿ? ನೀವು ಸುಲಗಾಯಿ ತಿನ್ನಾಕ ಹತ್ತಿದ್ರಿ.’

ಗುಂಡಿಯೊಳಗಿನ ಆಳುಗಳೂ ಗುದ್ದಲಿ ಬಿಟ್ಟು ನಕ್ಕರು. ಯಮನಪ್ಪನವರು ಮುಖ ಆಚೆ ತಿರುಗಿಸಿ ಹೆಗಲು ಕುಣಿಸುತ್ತಿದ್ದರು. ಮೂವತ್ತು ವರ್ಷದ ನನ್ನ ವಿದ್ಯೆಗೆ ಇಷ್ಟು ಚೆನ್ನಾದ ಪರೀಕ್ಷೆಯನ್ನು ಯಾರೂ ಮಾಡಿರಲಿಲ್ಲ. ಯುವ ಎಂಜಿನಿಯರುಗಳಿಗೆ ನಾನು ಹೇಳುವ ಒಂದೇ ತಾಂತ್ರಿಕ ಮಾತು ಇದು: ಗುಂಡಿ ಅಗೆಯುವ ಮೊದಲು ಆ ಹೊಲದವರನ್ನು ಕೇಳಿರಿ.

ಆ ಕಂಬಕ್ಕೆ ಬಾವಿ ಇಳಿಸಿದಂತೆ ಆಳದ ಅಡಿಪಾಯ ಹಾಕುವುದೆಂದು ನಕ್ಷೆ ಬದಲಾಯಿತು. ಎಲ್ಲರೂ ಹೊಸ ನಕ್ಷೆಯ ಮೇಲೆ ಟೆಂಡರ್ ಹಾಕಿದರು. ಹೂಲಿಯವರ ಗುತ್ತಿಗೆದಾರರಿಗೆ ಕೆಲಸ ಸಿಗಲಿಲ್ಲ.

ಅಗೆದ ದಿನ ನಾನು ಬಸ್ಸಿಗೆ ನಡೆಯುತ್ತಿದ್ದಾಗ ಹಿಂದಿನಿಂದ ಸ್ಕೂಟರ್ ಬಂದು ನಿಂತಿತು. ‘ಹತ್ರಿ’ ಎಂದರು ಹೂಲಿಯವರು. ಅಣ್ಣಿಗೇರಿ ಬಸ್ ಸ್ಟ್ಯಾಂಡಿನ ಹತ್ತಿರ ಮಿರ್ಚಿ ಕರಿಯುತ್ತಿದ್ದರು. ಹೂಲಿಯವರು ಎರಡು ಪ್ಲೇಟು ತಂದು ಒಂದನ್ನು ನನಗೆ ಕೊಟ್ಟು ಹೇಳಿದರು:

‘ಹಳೇ ನಕಾಶಿ ನಂಬಿ ನಾ ಲೆಕ್ಕ ಹಾಕಿದ್ದೆ ಸಾಹೇಬ್ರ. ಕೆಲಸ ಸಿಕ್ಕಿದ್ರ ಆ ಕೆಸರಿನಾಗ ನಾವ ಮುಳುಗತಿದ್ವಿ.’ ಒಂದು ಮಿರ್ಚಿ ಮುಗಿಸಿ, ‘ಆ ರಾಜೀನಾಮಿ ಎಲ್ಲಿ ಇಟ್ಟೇನೋ ಸಿಗವಲ್ದು. ನಾಳೆ ಹತ್ತಕ್ಕ ಬರ್ರಿ’ ಎಂದರು.

ಮರುದಿನ ಹೋದೆ, ಆದರೆ ಒಂದು ಷರತ್ತಿನ ಮೇಲೆ. ನಾನು ಅಧಿಕಾರಿಯಾಗಿ ಮುಟ್ಟಿದ ಯಾವ ಕಡತದ ಕೆಲಸವನ್ನೂ ಇಲ್ಲಿ ಮುಟ್ಟುವುದಿಲ್ಲ. ನನ್ನ ಹಳೆಯ ಕಚೇರಿಗೆ ಎರಡು ವರ್ಷ ನಮ್ಮ ಸಂಸ್ಥೆಯ ಪರವಾಗಿ ಹೋಗುವುದಿಲ್ಲ. ಕಾರ್ಡಿನ ಮೇಲೆ ಹಳೆಯ ಹುದ್ದೆ ಬೇಡ. ಕಾಗದದ ಮೇಲೆ ಬರೆದು ಅವರಿಂದ ಸಹಿ ಮಾಡಿಸಿಕೊಂಡೆ. ಅವರು ಸಹಿ ಹಾಕುತ್ತ, ‘ಇಷ್ಟೆಲ್ಲ ಬ್ಯಾಡ ಅಂದ ಮ್ಯಾಲೆ ನಿಮ್ಮ ಕಡೆ ಉಳಿದದ್ದು ಏನ್ರಿ?’ ಎಂದು ಕೇಳಿದರು. ‘ತಲಿ ಮತ್ತ ಬೆರಳು’ ಎಂದೆ. ಆ ಎರಡರಿಂದಲೇ ಮುಂದಿನ ಏಳು ವರ್ಷ ಸುಖವಾಗಿ ದುಡಿದೆ. ನಿಜ ಹೇಳಬೇಕೆಂದರೆ, ಯಾರ ಶಿಫಾರಸೂ ಇಲ್ಲದೆ ನನ್ನ ಲೆಕ್ಕವೊಂದೇ ನಿಂತು ಮಾತಾಡಬೇಕಾದ ಆ ವರ್ಷಗಳಲ್ಲೇ ನಾನು ಒಳ್ಳೆಯ ಎಂಜಿನಿಯರ್ ಆದೆ.

ಸೇತುವೆ ಮುಗಿದ ವರ್ಷ ಗಿರಿಜಾಳನ್ನು ಕರೆದುಕೊಂಡು ಬಸ್ಸಿನಲ್ಲಿ ಅದರ ಮೇಲೆ ಹೋದೆ. ಕೆಳಗೆ ಕೆಂಪು ನೀರು ಎದೆಯುದ್ದ ಹರಿಯುತ್ತಿತ್ತು. ಬಸ್ಸಿನಲ್ಲಿದ್ದವರು ಯಾರೂ ಕಿಟಕಿಯ ಹೊರಗೆ ನೋಡಲೂ ಇಲ್ಲ, ಈರುಳ್ಳಿ ಧಾರಣೆಯ ಮಾತಿನಲ್ಲಿದ್ದರು. ಸೇತುವೆಯ ಮೇಲೆ ಹೋಗುತ್ತಿದ್ದೇವೆಂಬುದನ್ನು ಜನ ಮರೆತರೆ ಆ ಸೇತುವೆ ಚೆನ್ನಾಗಿದೆ ಎಂದೇ ಅರ್ಥ.

ಕೊನೆಯದಾಗಿ ಒಂದು ಪ್ರಸಂಗ. ಅದೇ ವರ್ಷ ಆ ಕಡೆಯ ಹತ್ತಿ ವ್ಯಾಪಾರಿಗಳು ಕೆಲವರು ಸೇರಿ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲು ಕಟ್ಟಲು ಹೊರಟಿದ್ದರು. ಎರೆ ನೆಲದಲ್ಲಿ ದೊಡ್ಡ ಗೋದಾಮು, ಭಾರದ ಯಂತ್ರ. ಸಲಹೆಗಾರರನ್ನು ಹುಡುಕುತ್ತಿದ್ದರು. ಹೂಲಿಯವರು ನನ್ನನ್ನೂ ಕರೆದುಕೊಂಡು ಹೋದರು. ವ್ಯಾಪಾರಿಗಳ ಹಿರಿಯರೊಬ್ಬರು, ಎಲ್ಲರೂ ಶೆಟ್ಟರು ಎಂದು ಕರೆಯುತ್ತಿದ್ದ ಮುದುಕರು, ಲೋಡು ದಿಂಬಿಗೆ ಒರಗಿ ಕುಳಿತಿದ್ದರು. ನಮ್ಮ ನಕ್ಷೆ ಬಿಚ್ಚಲೂ ಬಿಡದೆ ನನ್ನನ್ನು ಕೇಳಿದರು:

‘ನೀವು ಸರಕಾರದಾಗ ಇದ್ದವರಂತ. ಬಾಜೂದವರ ಮಿಲ್ಲಿನ ನಕಾಶಿ ನಿಮ್ಮ ಕೈಯಾಗ ಹಾದಿತ್ತು, ಹೌದಿಲ್ಲೋ? ಅವರ ಗೋದಾಮು ಎಷ್ಟು ದೊಡ್ಡದು, ಮುಂದ ಎಲ್ಲಿ ಬೆಳಸಾಕ ಹೊಂಟಾರ, ಅಷ್ಟು ಹೇಳ್ರಿ ಮೊದಲ.’

ಕೋಣೆಯಲ್ಲಿ ಎಂಟು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಹೂಲಿಯವರು ಚಾವಣಿ ನೋಡುತ್ತಿದ್ದರು. ಕೆಲಸ ಹೋಯಿತೆಂದು ಇಬ್ಬರಿಗೂ ಗೊತ್ತಿತ್ತು.

‘ನಕಾಶಿ ನೋಡಿದ್ದು ಖರೇರಿ’ ಎಂದೆ. ‘ಅದರಾಗ ಏನಿತ್ತು ಅಂತ ಹೇಳಾಕ ಬರೂದಿಲ್ಲ.’

‘ನಾವು ಕೆಲಸ ಕೊಟ್ರೂ?’

‘ಕೊಟ್ರೂ ಬರೂದಿಲ್ರಿ.’

ಶೆಟ್ಟರು ಉಳಿದವರತ್ತ ತಿರುಗಿ, ಎಲ್ಲ ಇತ್ಯರ್ಥವಾದಂತೆ ಹೇಳಿದರು:

‘ಇವರ ಕಡೆ ಮಾಡಸೂಣು. ಈ ಮನುಷ್ಯಾ ನಮ್ಮ ಸುದ್ದೀನೂ ಬಾಜೂದವರಿಗೆ ಹೇಳೂದಿಲ್ಲ.’

ಹೊರಗೆ ಬಂದು ಸ್ಕೂಟರಿನ ಹತ್ತಿರ ನಿಂತಾಗ ಹೂಲಿಯವರು ಕಿಕ್ಕರಿನ ಮೇಲೆ ಕಾಲಿಟ್ಟು, ಒದೆಯದೆ, ನನ್ನತ್ತ ತಿರುಗಿದರು.

‘ಸಾಹೇಬ್ರ, ಹತ್ತು ವರ್ಷ ಆತು ನಾ ಈ ಧಂದೇದಾಗ. ಮಾತಾಡಿ ಮಾತಾಡಿ ಕೆಲಸ ತಂದೇನಿ. ಹೇಳೂದಿಲ್ಲ ಅಂತ ಅಂದು ಕೆಲಸ ತಂದದ್ದು ಇದ ಮೊದಲ.’